2018ರಲ್ಲಿ ಮಾರಿದ ಕಾರು ಇನ್ನೂ ನಮ್ಮ ಹೆಸರಿನಲ್ಲಿದೆ: ಸಾರಿಗೆ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ, ಸಾರಿಗೆ ಆಯುಕ್ತರಿಗೆ, ಮತ್ತು ಹಳೇ ಕಾರನ್ನು ಇವತ್ತೋ ನಾಳೆಯೋ ಮಾರಲಿರುವ ಎಲ್ಲರಿಗೆ,

ನಮಸ್ಕಾರ.

ನನ್ನ ಯಜಮಾನರು 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ ತೀರಿಕೊಂಡರು. ಅವರ ಫೋನು ನನ್ನ ಹತ್ತಿರವೇ ಇದೆ. ಬ್ಯಾಂಕು, ಗ್ಯಾಸು, ಪಿಂಚಣಿ ಎಲ್ಲದಕ್ಕೂ ಆ ನಂಬರೇ ಕೊಟ್ಟಿದ್ದರಿಂದ ತಿಂಗಳು ತಿಂಗಳು ಕರೆನ್ಸಿ ಹಾಕಿಸಿಕೊಂಡು ಬಂದಿದ್ದೇನೆ. 2022ರ ದೀಪಾವಳಿ ಕಳೆದ ಮೇಲೆ ಆ ಫೋನಿಗೆ ಒಂದು ಸಂದೇಶ ಬಂತು. ನಿಮ್ಮ ವಾಹನ ಸಿಗ್ನಲ್ ದಾಟಿದೆ, ದಂಡ ಕಟ್ಟಿ ಎಂದು. ವಾಹನದ ನಂಬರು ನಮ್ಮ ಹಳೇ ಆಲ್ಟೊದ್ದು. ಸ್ವಲ್ಪ ದಿನಕ್ಕೆ ಇನ್ನೊಂದು ಬಂತು, ಸೀಟ್ ಬೆಲ್ಟ್ ಹಾಕಿಲ್ಲವೆಂದು. ಆಮೇಲೆ ಮತ್ತೊಂದು.

ನಾನು ದಿನಾಂಕ ನೋಡಲಿಲ್ಲ. ಅವರು ಬದುಕಿದ್ದಾಗ ಆದ ಬಾಕಿ ಇರಬೇಕು, ಹೋದವರ ಹೆಸರಿನಲ್ಲಿ ಋಣ ಉಳಿಯಬಾರದು ಎಂದುಕೊಂಡೆ. 2023ರ ಫೆಬ್ರವರಿಯಲ್ಲಿ ಸರ್ಕಾರ ಹಳೇ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತಲ್ಲ, ಆಗ ಪೊಲೀಸ್ ಠಾಣೆಯ ಮುಂದೆ ಸರದಿಯಲ್ಲಿ ನಿಂತು ಮೂರನ್ನೂ ಕಟ್ಟಿ ಬಂದೆ. ರಸೀದಿಯನ್ನು ಅವರ ಫೋಟೋದ ಹಿಂದೆ ಸಿಕ್ಕಿಸಿಟ್ಟೆ. ಆ ಕಾರನ್ನು ಅವರು 2018ರಲ್ಲೇ ಮಾರಿದ್ದರು ಎಂಬುದು ಸರದಿಯಲ್ಲಿ ನಿಂತಾಗ ನನಗೆ ಹೊಳೆಯಲೇ ಇಲ್ಲ.

2024ರಲ್ಲಿ ಬಂದದ್ದು ದಂಡದ ಸಂದೇಶವಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸು. ಬೆಳಗಿನ ಜಾವ ಡೇರಿಗೆ ಹಾಲು ಹಾಕಿ ಮೊಪೆಡ್ಡಿನಲ್ಲಿ ಮನೆಗೆ ಹೊರಟಿದ್ದ ಒಬ್ಬರಿಗೆ ಆ ಕಾರು ಗುದ್ದಿದೆ. ಅವರ ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ಕಾರಿನ ವಿಮೆ ಅದರ ಹಿಂದಿನ ವರ್ಷವೇ ಮುಗಿದಿತ್ತಂತೆ. ಒಂದನೇ ಎದುರುದಾರ ಕಾರು ಓಡಿಸುತ್ತಿದ್ದ ಹುಡುಗ. ಎರಡನೇ ಎದುರುದಾರ ‘ವಾಹನದ ಮಾಲೀಕ’, ಅಂದರೆ ಮೂರು ವರ್ಷದ ಹಿಂದೆ ನಾವು ಮಣ್ಣು ಮಾಡಿ ಬಂದ ನನ್ನ ಗಂಡ.

ಆ ಕಾರು ಹೇಗೆ ಮಾರಿದರು ಎಂದು ಹೇಳುತ್ತೇನೆ. ನಾಡಿನಲ್ಲಿ ನೂರಕ್ಕೆ ಎಷ್ಟೋ ಮಂದಿ ಹಾಗೆಯೇ ಮಾರುತ್ತಾರೆ ಎಂದು ಈಗ ಗೊತ್ತಾಗಿದೆ. ಪೇಟೆಯ ಒಬ್ಬ ಬ್ರೋಕರ್ ಮನೆಗೆ ಬಂದ, ಕಾರಿನ ಸುತ್ತ ಎರಡು ಸುತ್ತು ಹಾಕಿದ, ಬಾನೆಟ್ ಎತ್ತಿ ನೋಡಿದ, ಬಾಗಿಲ ಹತ್ತಿರದ ಪೇಂಟ್ ಬೆರಳಲ್ಲಿ ತಟ್ಟಿ ನೋಡಿದ. 1,35,000 ರೂಪಾಯಿಗೆ ಮಾತು ಕುದುರಿತು. ಕಾಫಿ ಕುಡಿಯುತ್ತಲೇ ಚೀಲದಿಂದ ಫಾರಂಗಳನ್ನು ತೆಗೆದ. ಫಾರಂ 29 ಎರಡು, ಫಾರಂ 30 ಎರಡು. ‘ಸಾರ್, ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ, ಮಿಕ್ಕಿದ್ದು ನಾನು ತುಂಬ್ಕೋತೀನಿ.’ ಕೊಳ್ಳುವವರ ಹೆಸರಿನ ಜಾಗ ಖಾಲಿ. ದಿನಾಂಕದ ಜಾಗ ಖಾಲಿ. ಫಾರಂಗಳೆಲ್ಲ ಇಂಗ್ಲಿಷಿನಲ್ಲಿ. ನಮ್ಮವರು ಸಹಿ ಹಾಕಿದರು, ಆರ್‌ಸಿ ಕೊಟ್ಟರು, ವಿಮೆ ಕಾಗದ ಕೊಟ್ಟರು, ಎರಡೂ ಕೀ ಕೊಟ್ಟರು. ನಾನು ಕಾರಿಗೆ ಕಡೆಯದಾಗಿ ಅರಿಶಿನ ಕುಂಕುಮ ಹಚ್ಚಿದೆ.

ನಮ್ಮವರದು ರೈತರ ಮನೆತನ. ಅವರ ಪಾಲಿಗೆ ಮಾರಾಟ ಎಂದರೆ ಹಗ್ಗ ಕೈ ಬದಲಾಯಿಸುವುದು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗುತ್ತಿದ್ದುದನ್ನು ಎಷ್ಟೋ ಸಲ ಹೇಳಿದ್ದರು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದು, ದುಡ್ಡು ಎಣಿಸುವುದು, ಎತ್ತಿನ ಹಗ್ಗವನ್ನು ಕೊಂಡವರ ಕೈಗೆ ಇಡುವುದು. ಅಲ್ಲಿಗೆ ಮುಗಿಯಿತು. ನಾಳೆ ಆ ಎತ್ತು ಯಾರ ಹೊಲ ಮೇದರೂ ಮಾರಿದವರನ್ನು ಕೇಳುವವರಿಲ್ಲ. ಅದೇ ನಂಬಿಕೆಯಲ್ಲಿ ಅವರು ಕೀ ಕೊಟ್ಟರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನೂ ಪಕ್ಕದಲ್ಲೇ ಕೂತಿದ್ದೆ, ಆ ಫಾರಂ ಏನು ಹೇಳುತ್ತದೆ ಎಂದು ಓದಲಿಲ್ಲ.

ನೋಟಿಸು ಬಂದ ಮೇಲೆ ಬ್ರೋಕರನನ್ನು ಹುಡುಕಿಕೊಂಡು ಹೋದೆ. ಅವನ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಅವನ ಹಳೇ ನಂಬರು ಚಾಲ್ತಿಯಲ್ಲಿಲ್ಲ. ವಿಚಾರಿಸುತ್ತ ಹೋದಂತೆ ತಿಳಿದದ್ದು ಇಷ್ಟು: ಅವನು ಕಾರನ್ನು ಒಬ್ಬರಿಗೆ ಕೊಟ್ಟ, ಅವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ನಮ್ಮವರ ಸಹಿ ಇದ್ದ ಖಾಲಿ ಫಾರಂಗಳು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಕೈಯಿಂದ ಕೈಗೆ ಹೋಗಿವೆ. ಯಾರಿಗೂ ಹೆಸರಿಗೆ ಮಾಡಿಸಿಕೊಳ್ಳುವ ತುರ್ತು ಇರಲಿಲ್ಲ. ಮಾಡಿಸಿಕೊಳ್ಳದೆ ಇದ್ದರೆ ಇನ್ನೊಬ್ಬರಿಗೆ ದಾಟಿಸುವುದು ಸುಲಭ, ಆರ್‌ಸಿಯಲ್ಲಿ ‘ಒಬ್ಬರೇ ಓನರ್’ ಎಂದು ತೋರಿಸಿ ನಾಲ್ಕು ಸಾವಿರ ಹೆಚ್ಚು ಕೇಳಬಹುದು. ವರ್ಗಾವಣೆಯ ಸರ್ಕಾರಿ ಶುಲ್ಕ ಕಾರಿಗೆ 300 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200. ಇಷ್ಟು ಹಣದ ಕೆಲಸ ಆರು ವರ್ಷ ಆಗಲಿಲ್ಲ.

ಸಾರಿಗೆ ಕಚೇರಿಗೂ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿನ ಸಿಬ್ಬಂದಿ ನನ್ನನ್ನು ಮರ್ಯಾದೆಯಿಂದಲೇ ಮಾತಾಡಿಸಿದರು, ಕುರ್ಚಿ ಕೊಟ್ಟು ಕೂರಿಸಿದರು. ಕಂಪ್ಯೂಟರಿನಲ್ಲಿ ನಂಬರು ಹೊಡೆದು, ‘ಅಮ್ಮಾ, ಇಲ್ಲಿ ನಿಮ್ಮ ಯಜಮಾನ್ರ ಹೆಸರೇ ತೋರಿಸ್ತಾ ಇದೆ. ಕೊಂಡ್ಕೊಂಡವ್ರನ್ನ ಕರ್ಕೊಂಡು ಬನ್ನಿ, ಮಾಡ್ಕೊಡೋಣ’ ಎಂದರು. ಕೊಂಡವರು ಯಾರೆಂದೇ ಗೊತ್ತಿಲ್ಲ ಸ್ವಾಮಿ ಎಂದೆ. ‘ಹಾಗಾದ್ರೆ ಮೊದ್ಲು ಗಾಡೀನ ವಾರಸುದಾರರಾಗಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಫಾರಂ 31 ಕೊಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆರ್‌ಸಿ, ಚಾಲ್ತಿ ಇರೋ ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟು…’ ಕಾರೇ ನಮ್ಮ ಹತ್ತಿರ ಇಲ್ಲದಾಗ, ಅದರ ಚೌಕಟ್ಟಿನ ಮೇಲೆ ಕೊರೆದ ನಂಬರನ್ನು ಪೆನ್ಸಿಲ್ಲಿನಿಂದ ಕಾಗದಕ್ಕೆ ಉಜ್ಜಿ ತೆಗೆಯುವ ಆ ಪ್ರಿಂಟನ್ನು ಎಲ್ಲಿಂದ ತರಲಿ? ಅವರಿಗೂ ನನ್ನ ಕಷ್ಟ ಅರ್ಥವಾಗಿತ್ತು. ಆದರೆ ಅವರ ಮುಂದಿದ್ದ ಪರದೆಯಲ್ಲಿ ನನಗೆ ಹೊಂದುವ ಆಯ್ಕೆ ಇರಲಿಲ್ಲ.

ವಕೀಲರು ಕಾನೂನನ್ನು ಬಿಡಿಸಿ ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನ 30ನೇ ಉಪಕಲಮಿನ ಪ್ರಕಾರ ಮಾಲೀಕ ಎಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿ ಆಗಿದೆಯೋ ಅವರು. ಸಾಲದ ಗಾಡಿಯಂಥ ಕೆಲವಕ್ಕೆ ಬೇರೆ ಮಾತಿದೆ, ನಮ್ಮದು ಅದಲ್ಲ. ದುಡ್ಡು ಯಾರು ಕೊಟ್ಟರು, ಕೀ ಯಾರ ಜೇಬಿನಲ್ಲಿತ್ತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇಂಥದ್ದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಲ್ಲೂ 2007ರಲ್ಲಿ ಮಾರಿದ ವಾಹನ ಒಬ್ಬರಿಂದ ಒಬ್ಬರಿಗೆ ದಾಟಿ, 2009ರಲ್ಲಿ ಅಪಘಾತ ಮಾಡಿತ್ತು. ನೋಂದಣಿ ಪುಸ್ತಕದಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಇತ್ತು. ಹೊಣೆ ಅವರದೇ ಎಂದಿತು ಕೋರ್ಟು. ಪೀಠದ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ನಮ್ಮವರು ಆಲ್ಟೊ ಮಾರಿದ್ದು ಆ ತೀರ್ಪು ಬಂದ ಮರುತಿಂಗಳು, ಮಾರ್ಚಿನಲ್ಲಿ. ನಮ್ಮ ಮನೆಗೆ ಆ ಸುದ್ದಿ ತಲುಪಿರಲಿಲ್ಲ.

ಈ ತೀರ್ಪನ್ನು ನಾನು ವಿರೋಧಿಸುತ್ತಿಲ್ಲ, ಇದನ್ನು ನೀವು ನಂಬಬೇಕು. ಕೋರ್ಟು ಕೊಟ್ಟ ಕಾರಣ ನನಗೆ ಒಪ್ಪಿತವಾಗಿದೆ. ಪೆಟ್ಟು ತಿಂದವರು ಆಸ್ಪತ್ರೆಯ ಹಾಸಿಗೆಯಿಂದ ಎದ್ದು, ನೋಂದಣಿಯೇ ಆಗದ ಮಾರಾಟಗಳ ಜಾಡು ಹಿಡಿದು ಊರೂರು ಅಲೆಯಬೇಕೆ? ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರು ಉತ್ತರ ಕೊಡಲಿ ಎನ್ನುವುದು ನ್ಯಾಯವೇ. ನ್ಯಾಯಮಂಡಳಿಯ ಜಗಲಿಯಲ್ಲಿ ಆ ಹಾಲಿನವರನ್ನು ನೋಡಿದೆ. ಊರುಗೋಲು ಗೋಡೆಗೆ ಒರಗಿಸಿ, ಕಾಲನ್ನು ನೀಡಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಮನೆಯಲ್ಲಿ ಎರಡು ಹಸು ಇದ್ದವು, ಕಟ್ಟಿಕೊಳ್ಳಲು ಆಗದೆ ಒಂದನ್ನು ಕೊಟ್ಟುಬಿಟ್ಟೆ ಎಂದರು. ಅವರಿಗೆ ಪರಿಹಾರ ಸಿಗಲೇಬೇಕು. ಆದರೆ ಪುಸ್ತಕದಲ್ಲಿರುವ ಹೆಸರಿಗೆ ಅಷ್ಟು ತೂಕ ಕೊಡುವ ಕಾನೂನು, ಆ ಹೆಸರನ್ನು ತೆಗೆಸಿಕೊಳ್ಳುವ ದಾರಿಯನ್ನೂ ಹೆಸರಿನವರ ಕೈಗೇ ಕೊಡಬೇಕಲ್ಲವೆ? ನನ್ನ ಪತ್ರದ ಮಾತೆಲ್ಲ ಇದೊಂದೇ.

ವಿಚಿತ್ರವೆಂದರೆ ಕಾನೂನು ಆ ದಾರಿಯನ್ನು ಕೊಟ್ಟಿದೆ. ಕಾಯ್ದೆಯ 50ನೇ ಕಲಂ ಓದಿದೆ, ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಅಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಹೇಳಿದೆ. ರಾಜ್ಯದ ಒಳಗೇ ಮಾರಾಟವಾದರೆ ಮಾರಿದವರು 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಆ ತಿಳಿವಳಿಕೆಯ ಒಂದು ಪ್ರತಿಯನ್ನು ಕೊಂಡವರಿಗೂ ಕಳಿಸಬೇಕು. ಅದೇ ಫಾರಂ 29. ಕೊಂಡವರು 30 ದಿನದೊಳಗೆ ತಮ್ಮ ವ್ಯಾಪ್ತಿಯ ಕಚೇರಿಗೆ ವರದಿ ಮಾಡಿ ಹೆಸರು ಹಾಕಿಸಿಕೊಳ್ಳಬೇಕು. ಅದು ಫಾರಂ 30. ಹೊರರಾಜ್ಯಕ್ಕೆ ಹೋಗುವ ಗಾಡಿಗಾದರೆ ಮಾರಿದವರಿಗೆ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಸಮೇತ 45 ದಿನ. ಮಾರಿದವರ ಮಾತು ಮೊದಲು, ಕೊಂಡವರದು ಆಮೇಲೆ. ಶಾಸನ ಬರೆದವರು ಮಾರಿದವರ ಕೈಯಲ್ಲಿ ಒಂದು ಸ್ವತಂತ್ರ ಕಾಗದ ಕೊಟ್ಟಿದ್ದರು.

ಬಳಕೆಯಲ್ಲಿ ಏನಾಗಿದೆ? ಎರಡೂ ಫಾರಂಗಳನ್ನು ಪಿನ್ ಹೊಡೆದು ಒಂದೇ ಅರ್ಜಿ ಮಾಡಿದ್ದೇವೆ. ಫಾರಂ 29 ಅನ್ನು ಬ್ರೋಕರನ ಚೀಲಕ್ಕೆ ಹಾಕಿದ್ದೇವೆ. ಕೊಂಡವರು ಬಂದರೆ ಎರಡೂ ಜೀವ ಪಡೆಯುತ್ತವೆ, ಬರದಿದ್ದರೆ ಎರಡೂ ಸತ್ತಂತೆ. ಮಾರಿದವರು ತಾವೊಬ್ಬರೇ ಕೌಂಟರಿಗೆ ಹೋಗಿ ‘ನಾನು ಗಾಡಿ ಕೊಟ್ಟಿದ್ದೇನೆ, ಇಂಥವರಿಗೆ, ಇಂಥ ದಿನ’ ಎಂದರೆ ಅದನ್ನು ಬರೆದುಕೊಂಡು ಮೊಹರು ಒತ್ತಿ ಕೊಡುವ ಅಭ್ಯಾಸ ನಾನು ಹೋದ ಕಚೇರಿಯಲ್ಲಿ ಇರಲಿಲ್ಲ. ನನಗೆ ಗೊತ್ತಿರುವ ಹತ್ತಾರು ಜನರಲ್ಲಿ ಯಾರಿಗೂ ಅಂಥ ರಸೀದಿ ಸಿಕ್ಕಿಲ್ಲ.

ಇದೇ ಸರ್ಕಾರ ಜಮೀನಿನ ವಿಷಯದಲ್ಲಿ ಇದನ್ನು ಎಂದೋ ಸರಿಪಡಿಸಿಕೊಂಡಿದೆ. ಹಿಂದೆ ಹೊಲ ಮಾರಿದರೆ ಪಹಣಿಯಲ್ಲಿ ವರ್ಷಾನುಗಟ್ಟಲೆ ಹಳಬರ ಹೆಸರೇ ಇರುತ್ತಿತ್ತು. ಕೊಂಡವರು ಶಾನುಭೋಗರ ಬಳಿ, ಆಮೇಲೆ ಗ್ರಾಮ ಲೆಕ್ಕಿಗರ ಬಳಿ ಅಲೆಯಬೇಕಿತ್ತು. ಭೂಮಿ ತಂತ್ರಾಂಶ ಬಂದ ಮೇಲೆ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ಆದೊಡನೆ ಜೆ ಫಾರಂ ಎಂಬ ಸೂಚನಾಪತ್ರ ತಾನೇ ಕಂದಾಯ ಇಲಾಖೆಗೆ ಹೋಗುತ್ತದೆ, ಮ್ಯುಟೇಷನ್ ಎಂಬ ಖಾತೆ ಬದಲಾವಣೆ ಶುರುವಾಗುತ್ತದೆ. ನಮ್ಮ ಭಾವನವರು ಎರಡು ಎಕರೆ ಕೊಟ್ಟಾಗ ಕೊಂಡವರ ಹೆಸರು ಪಹಣಿಗೆ ಏರುವಂತೆ ನೋಡಿಕೊಳ್ಳಲು ಯಾರ ಹಿಂದೆಯೂ ಬೀಳಲಿಲ್ಲ. ಕದಲದ ಭೂಮಿಗೆ ಈ ಏರ್ಪಾಡು ಇದೆ. ಗಂಟೆಗೆ ಎಂಬತ್ತು ಕಿಲೋಮೀಟರ್ ಓಡುವ, ಜೀವ ತೆಗೆಯಬಲ್ಲ ವಾಹನಕ್ಕೆ ಇಲ್ಲ.

ನನ್ನ ತಂಗಿಯ ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡಾಗ ‘ದೊಡ್ಡಮ್ಮ, ನಾನು ಹೋದ ವರ್ಷ ಕಾರು ಮಾರಿದೆನಲ್ಲ, ಐದು ನಿಮಿಷದ ಕೆಲಸ’ ಎಂದಳು. ಅಲ್ಲಿ ಪ್ರತಿ ಗಾಡಿಗೂ ವಿ5ಸಿ ಎಂಬ ನೋಂದಣಿ ಪುಸ್ತಕ ಇರುತ್ತದೆ. ಮಾರಿದವಳು ಅದರಲ್ಲಿರುವ 11 ಅಂಕಿಯ ಸಂಖ್ಯೆಯನ್ನು ಡಿವಿಎಲ್‌ಎ ಎಂಬ ಅವರ ಸಾರಿಗೆ ಸಂಸ್ಥೆಯ ತಾಣದಲ್ಲಿ ಹಾಕಿ, ಕೊಂಡವರ ಹೆಸರು ವಿಳಾಸ ತುಂಬಿದಳು. ಹಸಿರು ಚೀಟಿಯನ್ನು ಹರಿದು ಕೊಂಡವರ ಕೈಗಿತ್ತಳು. ಅವರ ಕಾರು ಬೀದಿಯ ತಿರುವು ದಾಟುವ ಮೊದಲೇ ‘ಈ ವಾಹನ ಇನ್ನು ನಿಮ್ಮದಲ್ಲ’ ಎಂಬ ಮಿಂಚಂಚೆ ಬಂತಂತೆ. ಕಟ್ಟಿದ್ದ ರಸ್ತೆ ತೆರಿಗೆಯಲ್ಲಿ ಉಳಿದ ಪೂರ್ತಿ ತಿಂಗಳುಗಳ ಹಣವೂ ತಾನಾಗಿಯೇ ವಾಪಸಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರಿದವರು ಐದು ದಿನದೊಳಗೆ ಹೊಣೆ ಬಿಡುಗಡೆಯ ಸೂಚನೆ ಸಲ್ಲಿಸಬೇಕೆಂಬ ನಿಯಮವಿದೆ. ಎರಡೂ ಕಡೆ ಇಲಾಖೆ ಮಾರಿದವರ ಮಾತನ್ನು ಕೇಳಿಸಿಕೊಳ್ಳುತ್ತದೆ. ನಮ್ಮ 50ನೇ ಕಲಂ ಹೇಳುವುದೂ ಅದನ್ನೇ.

ಆದ್ದರಿಂದ ಮಾನ್ಯ ಸಚಿವರೇ, ಆಯುಕ್ತರೇ, ನಾನು ಹೊಸ ಕಾನೂನು ಕೇಳುತ್ತಿಲ್ಲ. ಫಾರಂ 29 ಅನ್ನು ಅದರ ಜಾಗಕ್ಕೆ ವಾಪಸು ತನ್ನಿ ಎನ್ನುತ್ತಿದ್ದೇನೆ. ರಾಜ್ಯದ ಪ್ರತಿ ಸಾರಿಗೆ ಕಚೇರಿಯಲ್ಲೂ, ವಾಹನ್ ಎಂಬ ಸರ್ಕಾರಿ ನೋಂದಣಿ ತಾಣದ ಮೂಲಕವೂ, ಮಾರಿದವರು ತಾವೊಬ್ಬರೇ ಅದನ್ನು ಸಲ್ಲಿಸುವಂತಾಗಲಿ. ಕೊಂಡವರ ಗುರುತಿನ ಪ್ರತಿ, ಗಾಡಿ ಕೈಗೊಪ್ಪಿಸಿದ್ದಕ್ಕೆ ಬರೆಸಿದ ಡೆಲಿವರಿ ನೋಟು, ತಮ್ಮ ಆಧಾರ್ ಒಟಿಪಿ ಇಷ್ಟು ಕೇಳಿ, ಸಾಕು. ದಿನಾಂಕ, ಸಮಯ ಇರುವ ಸ್ವೀಕೃತಿ ಕೊಡಿ. ಆ ಕ್ಷಣದಿಂದ ದಾಖಲೆಯಲ್ಲಿ ‘ಮಾರಾಟವಾಗಿದೆ, ವರ್ಗಾವಣೆ ಬಾಕಿ’ ಎಂಬ ಗುರುತು ಇರಲಿ. ದಂಡದ ನೋಟಿಸು ಕಳಿಸುವ ಪೊಲೀಸರಿಗೂ, ಅಪಘಾತದ ಮೊಕದ್ದಮೆ ದಾಖಲಿಸುವ ಠಾಣೆಗೂ, ನ್ಯಾಯಮಂಡಳಿಗೂ ಅದು ಕಾಣಲಿ. ಕೊಂಡವರ ಹೆಸರು, ವಿಳಾಸ ಅಲ್ಲೇ ಇರುವುದರಿಂದ ಪೆಟ್ಟು ತಿಂದವರು ಜಾಡು ಹುಡುಕುವ ಕಷ್ಟವೂ ಕಡಿಮೆಯಾಗುತ್ತದೆ.

ಕೊಂಡವರು 30 ದಿನವಾದರೂ ಬರದಿದ್ದರೆ ಅವರ ಫೋನಿಗೆ ಸಂದೇಶ ಹೋಗಲಿ, ಆಮೇಲೆ ಮನೆಗೆ ನೋಟಿಸು ಹೋಗಲಿ. ಗಾಡಿಯ ಬೇರೆ ಕೆಲಸಗಳನ್ನು ವರ್ಗಾವಣೆ ಆಗುವವರೆಗೆ ತಡೆಹಿಡಿಯಿರಿ. ಆದರೆ ವಿಮೆ ನವೀಕರಣವನ್ನು ಮಾತ್ರ ತಡೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನನ್ನ ಮಗ ‘ಇನ್ಶೂರೆನ್ಸ್ ನಿಲ್ಲಿಸಿದ್ರೆ ತಾವಾಗೇ ಓಡಿ ಬರ್ತಾರೆ’ ಎಂದ. ಇಲ್ಲ. ವಿಮೆ ಇಲ್ಲದ ಗಾಡಿ ರಸ್ತೆಗೆ ಇಳಿದರೆ ಅದರ ಬೆಲೆ ತೆರುವವರು ಆ ಹಾಲಿನವರಂಥವರು. ಮೂರನೆಯವರ ವಿಮೆ, ಅಂದರೆ ಗಾಡಿಯಿಂದ ಪೆಟ್ಟು ತಿಂದವರಿಗೆ ಪರಿಹಾರ ಕೊಡುವ ವಿಮೆಯ ವಿಷಯದಲ್ಲಿ ಕಾಯ್ದೆಯ 157ನೇ ಕಲಂ ಒಳ್ಳೆಯ ಮಾತು ಹೇಳಿದೆ. ಗಾಡಿ ಮಾರಿದ ದಿನದಿಂದಲೇ ಆ ವಿಮೆ ಕೊಂಡವರಿಗೆ ದಾಟಿದಂತೆ ಭಾವಿಸಲಾಗುತ್ತದೆ, ಹೆಸರು ಬದಲಿಸಿಕೊಳ್ಳಲು ಅವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಗಾಯಾಳುವಿಗೆ ರಕ್ಷಣೆ ಒಂದು ದಿನವೂ ತಪ್ಪಬಾರದು ಎಂಬ ಆ ಕಾಳಜಿಯನ್ನು ಕೆಡಿಸದಂತೆ ಮಿಕ್ಕ ಬಿಗಿಯನ್ನು ತನ್ನಿ.

ತೀರಿಕೊಂಡವರ ಹೆಸರಿನ ಗಾಡಿಗಳ ಬಗ್ಗೆ ಪ್ರತ್ಯೇಕವಾಗಿ ಯೋಚಿಸಿ. ಈಗಿನ ನಿಯಮದಂತೆ ವಾರಸುದಾರರು 30 ದಿನದೊಳಗೆ ಸಾವಿನ ಸುದ್ದಿ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಕೊಡಬೇಕು. ಅದು ಗಾಡಿ ಮನೆಯ ಅಂಗಳದಲ್ಲಿ ಇದ್ದವರಿಗೆ ಸರಿ. ಬದುಕಿದ್ದಾಗಲೇ ಮಾರಿ, ಹೆಸರು ಬದಲಾಗದೆ ಹೋದವರ ಮನೆಯವರಿಗೆ ಒಂದು ಬೇರೆ ಅರ್ಜಿ ಬೇಕು. ಕೋವಿಡ್ ಕಾಲದಲ್ಲಿ ಹೋದವರ ಮನೆಗಳಲ್ಲಿ ನನ್ನಂಥವರು ಎಷ್ಟು ಮಂದಿ ಇದ್ದಾರೋ. ಗಂಡನ ಫೋನಿಗೆ ಬಂದ ಸಂದೇಶವನ್ನು ಓದಲು ಬಾರದೆ ಅಳಿಸಿಹಾಕಿದ ಅಕ್ಕತಂಗಿಯರೂ ಇರಬಹುದು. ಫಾರಂಗಳು ಕನ್ನಡದಲ್ಲಿ ಇರಲಿ ಎಂಬುದನ್ನು ಬೇರೆಯಾಗಿ ಹೇಳಬೇಕೆ? ಸಹಿಯ ಜಾಗದ ಮೇಲೆ ‘ಖಾಲಿ ಫಾರಂಗೆ ಸಹಿ ಹಾಕಬೇಡಿ’ ಎಂದು ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ನಮ್ಮವರು ಪೆನ್ನು ಕೆಳಗಿಡುತ್ತಿದ್ದರು. ಅವರು ಅಷ್ಟು ಎಚ್ಚರದ ಮನುಷ್ಯ.

ಇನ್ನು ಹಳೇ ಕಾರಿನ ವ್ಯಾಪಾರಿಗಳು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ತಂದು 2023ರ ಏಪ್ರಿಲ್ 1ರಿಂದ ಜಾರಿ ಮಾಡಿದೆ. ಅದರ ಪ್ರಕಾರ ವ್ಯಾಪಾರಿ ಸಾರಿಗೆ ಇಲಾಖೆಯಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು. ಗಾಡಿಯನ್ನು ಅವರ ಕೈಗೆ ಕೊಟ್ಟದ್ದನ್ನು ಮಾಲೀಕರು ಫಾರಂ 29ಸಿ ಮೂಲಕ ತಿಳಿಸಿದರೆ, ಆಮೇಲೆ ಆ ಗಾಡಿಯಿಂದ ಆಗುವ ಘಟನೆಗಳಿಗೆ ವ್ಯಾಪಾರಿಯೇ ಹೊಣೆ. ಆ ಗಾಡಿಯ ಓಡಾಟದ ಲೆಕ್ಕವನ್ನೂ ಅವರು ಇಡಬೇಕು. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ನಿಯಮ. 2018ರಲ್ಲಿ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ನಮ್ಮ ಪೇಟೆಯ ಜನರಿಗೆ ಇಂಥದೊಂದು ಇದೆ ಎಂದೇ ಗೊತ್ತಿಲ್ಲ. ಯಾರ್‍ಯಾರಿಗೆ ಪ್ರಮಾಣಪತ್ರ ಇದೆ ಎಂಬ ಪಟ್ಟಿಯನ್ನು ಪ್ರತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ಸಂತೆ ದಿನ ಪಂಚಾಯಿತಿಯ ಆಟೋದಲ್ಲಿ ಮೈಕಿನಲ್ಲಿ ಕೂಗಿಸಿದರೂ ತಪ್ಪಿಲ್ಲ.

ಈಗ ಮಾರಲು ಹೊರಟವರಿಗೆ ಎರಡು ಮಾತು. ನೀವು ನನ್ನ ಶಿಷ್ಯರ ವಯಸ್ಸಿನವರು ಎಂದುಕೊಂಡು ಹೇಳುತ್ತೇನೆ.

ಖಾಲಿ ಫಾರಂಗೆ ಸಹಿ ಹಾಕಬೇಡಿ, ಸ್ವಂತ ತಮ್ಮನೇ ಕೇಳಿದರೂ. ಕೊಂಡವರ ಹೆಸರು, ವಿಳಾಸ, ದಿನಾಂಕ ನಿಮ್ಮ ಕೈಬರಹದಲ್ಲೇ ತುಂಬಿ, ಆಮೇಲೆ ಸಹಿ. ಗಾಡಿ ಬಿಟ್ಟುಕೊಡುವಾಗ ಡೆಲಿವರಿ ನೋಟು ಬರೆಸಿ, ಅದರಲ್ಲಿ ದಿನಾಂಕದ ಜೊತೆ ಗಂಟೆಯೂ ಇರಲಿ, ಎರಡು ಸಾಕ್ಷಿ ಸಹಿ ಇರಲಿ. ಬೆಳಿಗ್ಗೆ ಹನ್ನೊಂದಕ್ಕೆ ಕೊಟ್ಟ ಕಾರು ಮಧ್ಯಾಹ್ನ ಅಪಘಾತ ಮಾಡಬಹುದು. ಆದರೆ ನಮ್ಮ ವಕೀಲರು ಒಂದು ಎಚ್ಚರಿಕೆ ಹೇಳಿದ್ದಾರೆ, ಅದನ್ನೂ ಕೇಳಿ: ಡೆಲಿವರಿ ನೋಟು ನಿಮ್ಮ ಮತ್ತು ಕೊಂಡವರ ನಡುವಿನ ಕಾಗದ. ನೀವು ಕಟ್ಟಿಕೊಟ್ಟ ಹಣವನ್ನು ಅವರಿಂದ ವಸೂಲಿ ಮಾಡಲು ಅದು ಆಧಾರವಾಗಬಹುದು, ಗಾಯಾಳುವಿನ ಮುಂದೆ ನಿಮ್ಮ ಹೆಸರನ್ನು ಅದು ಅಳಿಸುವುದಿಲ್ಲ. ಹೆಸರು ಅಳಿಸುವುದು ಆರ್‌ಸಿ ಬದಲಾದಾಗ ಮಾತ್ರ. ಆದ್ದರಿಂದ ಸಾಧ್ಯವಾದರೆ ಕೊಂಡವರ ಜೊತೆಯಲ್ಲೇ ಹೋಗಿ ಅರ್ಜಿ ಹಾಕಿಸಿ, ಅರ್ಜಿ ಸಂಖ್ಯೆ ಬರೆದುಕೊಳ್ಳಿ. ಕೊನೆಯ ಹತ್ತು ಸಾವಿರವನ್ನು ಹೆಸರು ಬದಲಾದ ಮೇಲೆ ಪಡೆಯುತ್ತೇನೆ ಎಂದು ಮಾತಾಡಿಕೊಂಡರೂ ಒಳ್ಳೆಯದು. ಹಣಕ್ಕಿಂತ ನಿಮ್ಮ ನಿದ್ದೆ ದೊಡ್ಡದು. ಜೊತೆಗೆ ಹೋಗಲು ಆಗದಿದ್ದರೆ ಫಾರಂ 29ರ ಒಂದು ಪ್ರತಿಯನ್ನು ಕೊಂಡವರ ವ್ಯಾಪ್ತಿಯ ಸಾರಿಗೆ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಬಂಗಾರದಂತೆ ಕಾಪಾಡಿ. ಕಾನೂನು ಹೇಳಿದ 14 ದಿನದೊಳಗೆ ನಾನು ತಿಳಿಸಿದ್ದೆ ಎನ್ನಲು ಒಂದು ಪುರಾವೆ ಇರುತ್ತದೆ.

ಗಾಡಿಯ ಮೇಲೆ ಸಾಲ ಇದ್ದು ತೀರಿಸಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ತಂದು ಮೊದಲು ಎಚ್‌ಪಿ ಎಂಬ ಆ ಸಾಲದ ನಮೂದನ್ನು ತೆಗೆಸಿ, ಇಲ್ಲದಿದ್ದರೆ ವರ್ಗಾವಣೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟೋಲ್ ಕಟ್ಟುವ ಫಾಸ್ಟ್ಯಾಗ್ ನಿಮ್ಮ ಖಾತೆಗೆ ಸೇರಿದ್ದು. ಮಾರಿದ ದಿನವೇ ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಗಾಜಿನ ಮೇಲಿನ ಚೀಟಿ ಕಿತ್ತುಬಿಡಿ. ವಿಮೆಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಇದ್ದರೆ ಅದು ನಿಮ್ಮದು, ಕಾರಿನ ಜೊತೆ ಹೋಗುವುದಿಲ್ಲ. ಕಂಪನಿಯಿಂದ ಪತ್ರ ಪಡೆದರೆ ಮುಂದಿನ ಕಾರಿಗೆ ಬಳಸಬಹುದು. ಎರಡು ವಾರಕ್ಕೊಮ್ಮೆ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ, ಮಾಲೀಕರ ಹೆಸರು ಬದಲಾಗಿದೆಯೇ ನೋಡುತ್ತಿರಿ. ಬದಲಾಗುವವರೆಗೆ ಕೊಂಡವರಿಗೆ ಫೋನು ಮಾಡುವುದು ಬಿಡಬೇಡಿ. ಸಂಕೋಚ ಬೇಡ.

ಕೊಳ್ಳುವವರಿಗೂ ಹೇಳಬೇಕು. ‘ಹೆಸರಿಗೆ ಮಾಡಿಸಿಕೊಳ್ಳುವುದು ಆಮೇಲೆ ನೋಡೋಣ’ ಎಂದು ಓಡಾಡುತ್ತಿರುವಷ್ಟು ದಿನ ನಿಮ್ಮ ಕಾರಿನ ಸ್ವಂತ ಹಾನಿಯ ವಿಮೆ ನಿಮಗೆ ತಾನಾಗಿ ದಾಟಿರುವುದಿಲ್ಲ, ಕಾರು ಜಖಂ ಆದರೆ ಪರಿಹಾರ ಕೇಳುವುದು ಕಷ್ಟ. ಮತ್ತು ನಿಮ್ಮ ಮನೆಯ ಹದಿನಾರರ ಹುಡುಗ ಆ ಕಾರು ತೆಗೆದುಕೊಂಡು ಹೋದರೆ, 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಪೋಷಕರ ಜೊತೆಗೆ ಮಾಲೀಕರನ್ನೂ ಹಿಡಿಯುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎನ್ನುತ್ತದೆ ಅದು. ಪುಸ್ತಕದಲ್ಲಿರುವ ಮಾಲೀಕರು ಯಾವುದೋ ಊರಿನಲ್ಲಿ ಪೂಜೆ ಮಾಡುತ್ತ ಕೂತಿರುತ್ತಾರೆ, ನಿಮ್ಮ ಹುಡುಗನ ಮುಖವನ್ನೂ ಅವರು ನೋಡಿರುವುದಿಲ್ಲ.

2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಹತ್ತಿರ ಕಾರು ಸ್ಫೋಟಗೊಂಡು ಜನ ಸತ್ತರು. ಆ ಕಾರೂ ಹಲವು ಕೈ ದಾಟಿದ್ದು. ಪೊಲೀಸರು ನಂಬರು ಹಿಡಿದು ಮೊದಲು ತಲುಪಿದ್ದು ಅದನ್ನು ಎಂದೋ ಮಾರಿದ್ದವರ ಮನೆಗೆ. ಆ ಸುದ್ದಿಯನ್ನು ಟಿವಿಯಲ್ಲಿ ನೋಡುತ್ತ ನನ್ನ ಕೈ ನಡುಗಿತು. ನಮ್ಮ ಆಲ್ಟೊ ಈಗ ಠಾಣೆಯ ಆವರಣದಲ್ಲಿ ನಿಂತಿದೆ, ಗೊತ್ತು. ಆದರೆ ಅದು ಓಡಾಡಿಕೊಂಡಿದ್ದ ಆರು ವರ್ಷ ಎಲ್ಲೆಲ್ಲಿ ಹೋಗಿತ್ತು, ಯಾರ ಕೈಯಲ್ಲಿತ್ತು ಎಂದು ಆ ರಾತ್ರಿಯೆಲ್ಲ ಯೋಚಿಸಿದೆ.

ನಮ್ಮ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಪರಿಹಾರ ಕೊಡಬೇಕಾಗಿ ಬಂದರೂ ಯಜಮಾನರು ಬಿಟ್ಟುಹೋದ ಆಸ್ತಿಯ ಮಿತಿಯೊಳಗೇ ಬರುತ್ತದೆ ಎಂದು ವಕೀಲರು ಧೈರ್ಯ ಹೇಳಿದ್ದಾರೆ. ಅವರು ಬಿಟ್ಟುಹೋದದ್ದು ನಾನು ಈಗ ಇರುವ ಮನೆಯೊಂದೇ. ಓಡಿಸುತ್ತಿದ್ದ ಹುಡುಗನಿಗೆ ಅದು ಕೂಡ ಇಲ್ಲ.

ಈ ಪತ್ರದ ಜೊತೆ ನೋಟಿಸಿನ ಪ್ರತಿ, ಮರಣ ಪ್ರಮಾಣಪತ್ರದ ಪ್ರತಿ ಮತ್ತು ನಾನು ಕಟ್ಟಿದ ಮೂರು ದಂಡದ ರಸೀದಿಗಳ ಜೆರಾಕ್ಸನ್ನು ಆಯುಕ್ತರ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಇನ್ನೊಂದು ಪ್ರತಿ ತೆಗೆಸಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಹಿಂದಿನ ವಾಯಿದೆಯ ದಿನ ಹಾಲಿನವರು ಜಗಲಿಯಲ್ಲಿ ನನ್ನನ್ನು ‘ಅಮ್ಮಾ, ಕಾರು ನಿಮ್ದೇನಾ?’ ಎಂದು ಕೇಳಿದ್ದರು. ಅಷ್ಟರಲ್ಲಿ ಒಳಗಿನಿಂದ ಕರೆದರು, ಉತ್ತರ ಹೇಳಲು ಆಗಲಿಲ್ಲ. ಮುಂದಿನ ವಾಯಿದೆಗೆ ಹೋದಾಗ ಅವರಿಗೆ ಈ ಪತ್ರ ಓದಿ ಹೇಳುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಶಾಲಾ ಶಿಕ್ಷಕಿ